ಎಲುಬಿನ ಕೆಳಗಿನ ಕೈ

ಕೊಪ್ಪಳದಲ್ಲಿ ಗಾಲಿಕುರ್ಚಿಗೆ ಗಾದಿ ಮಾಡಿಕೊಡುತ್ತಿದ್ದ ಮಾಸ್ತರು ಹೋದ ತಿಂಗಳು ತೀರಿಕೊಂಡರು. ಸುದ್ದಿ ಹೇಳಿದವಳು ನನ್ನ ನಾದಿನಿ. ಹೇಳಿ, ನಾನೇನು ಅನ್ನುತ್ತೇನೆಂದು ಫೋನಿನಲ್ಲಿ ಕಾದಳು. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಫೋನ್ ಇಟ್ಟೆ. ಹಾಲು ಉಕ್ಕುವ ಹಾಗೇನೂ ಇರಲಿಲ್ಲ.

ಈಗ ಎಲ್ಲರೂ ಅವರನ್ನು ದೇವರಂಥ ಮನುಷ್ಯ ಅನ್ನುತ್ತಿದ್ದಾರೆ. ಅವರು ಬದುಕಿದ್ದಾಗ ಈ ಮಾತನ್ನು ನಾನು ಯಾರ ಬಾಯಲ್ಲೂ ಕೇಳಲಿಲ್ಲ. ಅವರ ಶೆಡ್ಡಿನಿಂದ ಹೊರಬಂದವರು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಲೇ ಬೈಯುತ್ತಿದ್ದರು. ನಾನೂ ಬೈದಿದ್ದೇನೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳು ಅದೇ ಊರಲ್ಲಿದ್ದಾರೆ, ಅವರು ನನಗೆ ಏನೂ ಮಾಡಿಲ್ಲ.

ಅವರ ಕೆಲಸ ಏನೆಂಬುದನ್ನು ಮೊದಲು ಹೇಳಬೇಕು. ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ನಾವು ಕೂತಲ್ಲೇ ಹತ್ತು ಸಲ ಮಿಸುಕಾಡುತ್ತೇವೆ, ನಮ್ಮ ಅರಿವಿಗೂ ಬರುವುದಿಲ್ಲ. ಅವರು ಮಿಸುಕಾಡುವುದಿಲ್ಲ. ಕೂರುವ ಎಲುಬು ಕೆಳಗಿನ ಮಾಂಸವನ್ನು ಒತ್ತುತ್ತಲೇ ಇರುತ್ತದೆ, ರಕ್ತ ನಿಲ್ಲುತ್ತದೆ, ಮಾಂಸ ಸಾಯುತ್ತದೆ. ಮೇಲಿನ ಚರ್ಮ ಕೆಂಪಾಗುವ ಹೊತ್ತಿಗೆ ಒಳಗೆ ಗುಂಡಿ ಬಿದ್ದಿರುತ್ತದೆ. ಮಾಸ್ತರು ಒಬ್ಬೊಬ್ಬರ ಎಲುಬು ನೋಡಿ, ಅದಕ್ಕೆ ತಕ್ಕ ತಗ್ಗು ದಿಣ್ಣೆ ಕೆತ್ತಿ ಗಾದಿ ಮಾಡುತ್ತಿದ್ದರು. ಮೊದಲು ಗಂಗಾವತಿಯಲ್ಲಿ ಲಾರಿ, ಟ್ರ್ಯಾಕ್ಟರಿನ ಸೀಟು ಹೊಲಿಯುತ್ತಿದ್ದವರು. ಆಮೇಲೆ ಅಂಗವಿಕಲರಿಗೆ ಸಾಮಾನು ಮಾಡುವ ಒಂದು ಕಡೆ ನಾಲ್ಕೈದು ವರ್ಷ ಇದ್ದು ಈ ಕೆಲಸ ಕಲಿತರು. ಅಲ್ಲಿ ಯಾರ ಜೊತೆಗೋ ಜಗಳಾಡಿ ಬಿಟ್ಟು ಬಂದರು. ಯಾರ ಜೊತೆ ಎಂದು ಕೇಳಿದರೆ, ಯಾರ ಜೊತೆ ಆಡಿರಲಿಲ್ಲ ಎಂದು ಕೇಳುವುದೇ ಸುಲಭ ಅನ್ನುತ್ತಿದ್ದರು ನಮ್ಮವರು.

ನಮ್ಮವರು ಎಂದರೆ ನನ್ನ ಗಂಡ. ಕೊಪ್ಪಳ ಜಿಲ್ಲೆಯಾದ ವರ್ಷ ಅವರು ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರಿನ ಮೇಲಿಂದ ಬಿದ್ದರು. ನಮಗೆ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಎದ್ದು ಕೂರಲು ಎಂಟು ತಿಂಗಳು ಹಿಡಿಯಿತು. ಆಮೇಲೆ ಕುಷ್ಟಗಿಯಲ್ಲಿ ಅವರಿಗೊಂದು ಎಸ್‌ಟಿಡಿ ಬೂತ್ ಸಿಕ್ಕಿತು. ಮನುಷ್ಯನಿಗೆ ಜೀವ ಬಂತು. ದಾಳಿಂಬೆ ವ್ಯಾಪಾರದವರು, ಬಸ್ ತಪ್ಪಿಸಿಕೊಂಡವರು, ಮಗಳ ಊರಿಗೆ ಫೋನ್ ಹಚ್ಚಲು ಬಂದು ನಂಬರಿನ ಚೀಟಿ ಮರೆತವರು, ಎಲ್ಲರೂ ಅವರ ಮುಂದೆ ನಿಂತು ಮಾತಾಡುವವರೇ. ಬೆಳಿಗ್ಗೆ ಕೂತರೆ ಕತ್ತಲಾಗುವವರೆಗೂ ಕುರ್ಚಿ ಬಿಡುತ್ತಿರಲಿಲ್ಲ. ಬೆನ್ನು ಎಡಕ್ಕೆ ವಾಲಿತ್ತು. ಮೈಭಾರವೆಲ್ಲ ಎಡಗಡೆಯ ಎಲುಬಿನ ಮೇಲೆ. ಮೂರನೆಯ ತಿಂಗಳಿಗೆ ಅಲ್ಲಿ ಹುಣ್ಣಾಯಿತು. ಅದು ಹೇಗೋ ಮಾಯ್ದ ಮೇಲೆ, ಡಾಕ್ಟರೊಬ್ಬರು ಹೇಳಿದರೆಂದು ಮಾಸ್ತರ ಶೆಡ್ಡಿಗೆ ಹೋದೆವು. ನಾನು, ನಮ್ಮವರು, ನಮ್ಮ ಅತ್ತೆ.

ಹತ್ತು ಸೇರು ನವಣೆ ತರಬೇಕು ಎಂದು ಮುಂಚೆಯೇ ಹೇಳಿ ಕಳಿಸಿದ್ದರು. ಯಾಕೆಂದು ಹೇಳಿರಲಿಲ್ಲ. ಅತ್ತೆ ಅಡುಗೆಗೋ ದಾನಕ್ಕೋ ಇರಬೇಕೆಂದು ಕೇರಿ ಹಸನು ಮಾಡಿ ಒಯ್ದಿದ್ದರು. ಮಾಸ್ತರು ಅದನ್ನು ಅಗಲವಾದ ಬಟ್ಟೆಯ ಚೀಲಕ್ಕೆ ಸುರಿದು, ಹಲಗೆಯ ಮೇಲಿಟ್ಟು, ಇದರ ಮೇಲೆ ಕೂರಿಸಿರಿ ಎಂದರು. ನವಣೆ ನೀರಿನ ಹಾಗೆ ಜಾರುವ ಕಾಳು, ಮೈಯ ಅಚ್ಚು ಸರಿಯಾಗಿ ಹಿಡಿಯುತ್ತದೆ. ಅಚ್ಚಿನ ಮೇಲೆ ಪ್ಲಾಸ್ಟರ್ ಸುರಿದು ಒಣಗಿಸಿ, ಅದರ ಪ್ರಕಾರ ಫೋಮು ಕೆತ್ತುವುದು ಅವರ ಪದ್ಧತಿ. ಅತ್ತೆ ಚೀಲಕ್ಕೆ ಅಡ್ಡ ನಿಂತುಬಿಟ್ಟರು.

‘ಧಾನ್ಯದ ಮ್ಯಾಲ ಕುಂಡ್ರಸ್ತೀರೇನ್ರಿ? ಉಣ್ಣೂ ಕಾಳರೀ ಅದು.’

‘ನಿನ್ನ ಮಗಾ ಅದನ್ನ ಉಂಡ್ರ ಉಳೀತಾನೋ, ಅದರ ಮ್ಯಾಲ ಕುಂತ್ರ ಉಳೀತಾನೋ? ನೀನ ಹೇಳವಾ. ಉಣ್ಣಸೂದಿದ್ರ ಹೊತ್ಕೊಂಡು ಹೋಗು.’

ಅತ್ತೆ ಚೀಲ ಮುಟ್ಟಿ ನಮಸ್ಕಾರ ಮಾಡಿ ಸರಿದು ನಿಂತರು. ಅವರ ಕಣ್ಣಲ್ಲಿ ನೀರಿತ್ತು. ಮಾಸ್ತರು ಆ ಕಡೆ ನೋಡಲಿಲ್ಲ.

ಮೈಗೆ ಬಟ್ಟೆಯ ನೀಲಿ ಹಚ್ಚಿ, ಬಿಳಿ ಅರಿವೆಯ ಮೇಲೆ ಕೂರಿಸಿ, ಎಲ್ಲಿ ಗಾಢವಾಗಿ ಬೀಳುತ್ತದೆಂದು ನೋಡುತ್ತಿದ್ದರು. ಗಂಡಸು ಹೆಂಗಸು ಎನ್ನದೆ ಎಲ್ಲರೆದುರಿಗೂ ಮಲ ಮೂತ್ರದ ಪ್ರಶ್ನೆ ಕೇಳುತ್ತಿದ್ದರು. ಕುಂಡಿ ಎಂಬ ಶಬ್ದವನ್ನು ಆ ದಿನ ನಾನು ಕೇಳಿದಷ್ಟು ಸಲ ಜೀವಮಾನದಲ್ಲಿ ಕೇಳಿರಲಿಲ್ಲ. ನಾನು ಮುಖ ತಗ್ಗಿಸಿದ್ದು ಕಂಡು, ‘ನಾಚಕೋಬ್ಯಾಡ. ಅವನ ಕುಂಡಿಗೆ ನೋವು ಗೊತ್ತಾಗಂಗಿಲ್ಲ. ನಿನಗರ ಗೊತ್ತಾಗಬೇಕಲ್ಲ’ ಎಂದರು. ದಿನಾ ಬೆಳಿಗ್ಗೆ ಕನ್ನಡಿ ಹಿಡಿದು ನೋಡಬೇಕು, ಕೆಂಪು ಕಂಡರೆ ಬೆರಳಿಂದ ಒತ್ತಬೇಕು, ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ಮಾಂಸ ಜೀವಂತ ಇದೆ, ಬೆಳ್ಳಗಾಗದೆ ಹೋದರೆ ಕೆಟ್ಟಿತೆಂದು ತಿಳಿ. ಇದನ್ನು ಅವರೇ ಕಲಿಸಿದ್ದು. ಕಲಿಸಿದ ರೀತಿ ಮಾತ್ರ ಕಳ್ಳತನ ಒಪ್ಪಿಸುವವರ ಹಾಗಿತ್ತು. ಮೂರು ಸಲ ನನ್ನ ಬಾಯಿಂದ ಹೇಳಿಸಿದರು.

ಕೊನೆಗೆ ಅವರ ಕೈ. ಗಾದಿ ಸಿದ್ಧವಾದ ಮೇಲೆ ಮನುಷ್ಯನನ್ನು ಅದರ ಮೇಲೆ ಕೂರಿಸಿ, ಎಲುಬಿಗೂ ಫೋಮಿಗೂ ನಡುವೆ ಅಂಗೈ ಮೇಲಾಗಿ ಕೈ ತೂರಿಸುತ್ತಿದ್ದರು. ಕಣ್ಣು ಮುಚ್ಚಿ ಕಾಲು ಗಂಟೆ ಹಾಗೇ ಇರುತ್ತಿದ್ದರು. ಬೆರಳು ಆಡಿದರೆ ಸರಿ. ಸಿಕ್ಕಿಕೊಂಡರೆ ಗಾದಿ ತೆಗೆದು ಇನ್ನೊಂದು ಎಳೆ ಕೆತ್ತುವುದು, ಮತ್ತೆ ಕೂರಿಸುವುದು. ಹೀಗೆ ಏಳೆಂಟು ಸಲ. ಮನೆಯಲ್ಲಿ ನೋಡಲು ನನಗೂ ತಿಳಿದಿರಲಿ ಎಂದು ನಾನೊಮ್ಮೆ ಕೈ ಮುಂದೆ ಮಾಡಿದೆ. ಪಟ್ಟನೆ ಹೊಡೆದು ಸರಿಸಿದರು.

‘ರೊಟ್ಟಿ ಬಡಿಯೂದಲ್ಲ ಇದು. ಒಂದು ಗಾದಿಗೆ ಒಂದ ಕೈ.’

ನಮ್ಮವರಿಗೆ ಮಾತ್ರ ಅವರೆಂದರೆ ಸಿಟ್ಟಿರಲಿಲ್ಲ. ಸಂಜೆ ಹೊರಡುವಾಗ, ‘ಮಾಸ್ತರ, ನಿಮ್ಮ ಬಾಯಿಗೂ ಒಂದು ಮೆತ್ತನ್ನ ಗಾದಿ ಹೊಲಿಸ್ಕೋರಿ’ ಎಂದರು.

‘ಅದಕ್ಕ ಅಳತಿ ಸಿಗವಲ್ದು’ ಎಂದರು ಮಾಸ್ತರು, ಚಾಕು ಒರೆಸುತ್ತ. ನಗಲಿಲ್ಲ.

ಗಾದಿ ಒಳ್ಳೆಯದಿತ್ತು. ಸುಳ್ಳು ಹೇಳುವುದಿಲ್ಲ. ಆರು ತಿಂಗಳು ಕನ್ನಡಿಯಲ್ಲಿ ಒಂದು ಕಲೆ ಕಾಣಲಿಲ್ಲ. ಆಮೇಲೆ ಬೇಸಿಗೆ ಬಂತು. ಫೋಮು ಕಾಯುತ್ತಿತ್ತು, ನಮ್ಮವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟುತ್ತಿತ್ತು. ಅತ್ತೆಗೆ ಇನ್ನೊಂದು ಚಿಂತೆ, ಮಗ ಎಲ್ಲರೆದುರಿಗೆ ಲಾರಿ ಸೀಟಿನಂಥದ್ದರ ಮೇಲೆ ಕೂರುತ್ತಾನೆಂದು. ತಮ್ಮ ಹಳೆಯ ಇಳಕಲ್ ಸೀರೆಗಳನ್ನು ಹರಿದು, ಒತ್ತೊತ್ತಾಗಿ ಹೊಲಿಗೆ ಹಾಕಿ, ಕುರ್ಚಿಯ ಅಳತೆಗೆ ಒಂದು ಕೌದಿ ಹೊಲಿದರು. ಒಂದೂವರೆ ತಿಂಗಳ ಕೆಲಸ. ನಾನೇ ಅದನ್ನು ಗಾದಿಯ ಮೇಲೆ ಹಾಸಿದೆ. ನಮ್ಮ ಕಡೆ ಮನೆಗೆ ಬಂದವರಿಗೆ ಹಾಸುವುದು ಕೌದಿ, ಬಾಣಂತಿಗೆ ಹಾಸುವುದು ಕೌದಿ, ಮಗುವಿಗೆ ಹೊದಿಸುವುದು ಕೌದಿ. ಕೌದಿ ಮೈಗೆ ಕೆಟ್ಟದ್ದು ಮಾಡಬಹುದೆಂದು ನಮಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಆ ಬಿಗಿ ಹೊಲಿಗೆ ಕೆಳಗಿನ ತಗ್ಗನ್ನೆಲ್ಲ ಮುಚ್ಚಿ, ಡೋಲಿನ ಚರ್ಮದ ಹಾಗೆ ಬಿಗಿದು ನಿಂತಿತ್ತು. ಹತ್ತು ದಿನಕ್ಕೆ ಕೆಂಪಾಯಿತು. ಹದಿನೈದಕ್ಕೆ ಒಡೆಯಿತು.

ಶೆಡ್ಡಿಗೆ ಹೋದಾಗ ಮಾಸ್ತರು ಕೌದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು, ಸತ್ತ ಇಲಿ ಹಿಡಿದ ಹಾಗೆ. ಅಲ್ಲಿ ಬೇರೆ ಜನರೂ ಇದ್ದರು.

‘ಇದನ್ನ ಯಾರು ಹೊಲದ್ರು?’

ಅತ್ತೆ ಬಾಯಿ ತೆಗೆಯುವ ಮೊದಲೇ ನಮ್ಮವರು, ‘ನಾನ ಬೇಡಿ ಹೊಲಿಸ್ಕೊಂಡೀನ್ರಿ’ ಎಂದರು.

‘ಸುಳ್ಳು ಹೇಳಬ್ಯಾಡ. ಇದು ತಾಯಿ ಕೈ ಹೊಲಿಗಿ.’ ಅತ್ತೆಯ ಕಡೆ ತಿರುಗಿದರು. ‘ಹಡದಾಕಿ ನೀನ, ತೂತು ಕೆಡವಿದಾಕಿನೂ ನೀನ.’

ಅತ್ತೆ ಮತ್ತೆ ಎಂದೂ ಸೂಜಿ ಹಿಡಿಯಲಿಲ್ಲ. ಮೊಮ್ಮಕ್ಕಳ ತಲೆಗೆ ಕುಂಚಿಗೆ ಹೊಲಿಯಲಿಲ್ಲ. ನಾದಿನಿಯ ಬಾಣಂತನಕ್ಕೂ ಹೊಲಿಯಲಿಲ್ಲ. ಒಂದು ಮಾತು ಒಬ್ಬರಿಗೆ ಏನು ಮಾಡುತ್ತದೆಂಬುದನ್ನು ನಾನು ಮನೆಯೊಳಗೇ ಇಟ್ಟುಕೊಂಡು ನೋಡಿದ್ದೇನೆ.

ಅಷ್ಟಕ್ಕೇ ಬಿಡಲಿಲ್ಲ ಅವರು. ಗಾದಿಯನ್ನು ಕುರ್ಚಿಯಿಂದ ಕಳಚಿ ಒಳಗೆ ಒಯ್ದು ಬೀಗ ಹಾಕಿದರು. ಹುಣ್ಣು ಪೂರ್ತಿ ಮಾಯುವವರೆಗೆ ಕೊಡುವುದಿಲ್ಲ, ಕೊಟ್ಟರೆ ನೀವು ಕೂರಿಸುತ್ತೀರಿ ಎಂದರು. ಬೂತ್ ಮುಚ್ಚಿದರೆ ಬೇರೆಯವರ ಪಾಲಾಗುತ್ತದೆ ಎಂದು ನಾನು ಕೈ ಮುಗಿದೆ. ಬೂತಿಗೆ ನೀನು ಕೂರು ಎಂದರು. ಮೂರೂವರೆ ತಿಂಗಳು ನಮ್ಮವರು ಹೊರಸಿನ ಮೇಲೆ ಬೋರಲು ಮಲಗಿದರು. ನಾನು ಬೂತಿನಲ್ಲಿ ಕೂತೆ. ಹದಿನೈದು ದಿನಕ್ಕೊಮ್ಮೆ ಮಾಸ್ತರು ಕೊಪ್ಪಳದಿಂದ ಬಸ್ಸು ಹತ್ತಿ ಬರುತ್ತಿದ್ದರು. ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ, ಪಟ್ಟಿ ಬಿಚ್ಚಿ ನೋಡಿ, ತಲೆ ಆಡಿಸಿ ಹೊರಟುಬಿಡುತ್ತಿದ್ದರು. ಅತ್ತೆ ಕೊಟ್ಟ ನೀರನ್ನು ಕುಡಿಯುತ್ತಿರಲಿಲ್ಲ. ಮಾಯ್ದ ಮೇಲೆ ಗಾದಿಯನ್ನು ತಾವೇ ತಲೆಯ ಮೇಲೆ ಹೊತ್ತು ತಂದು ಕೊಟ್ಟರು. ಆ ದಿನ ನಮ್ಮವರು ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ನನಗೆ ಅದನ್ನು ನೋಡಲಾಗಲಿಲ್ಲ. ಎದ್ದು ಹಿತ್ತಿಲಿಗೆ ಹೋದೆ.

ಎರಡು ಮೂರು ವರ್ಷಕ್ಕೊಮ್ಮೆ ಫೋಮು ಸತ್ತುಹೋಗುತ್ತಿತ್ತು, ಹೊಸ ಗಾದಿ ಮಾಡಿಸುತ್ತಿದ್ದೆವು. ಪ್ರತಿ ಸಲವೂ ನವಣೆ, ನೀಲಿ, ಬೈಗುಳ, ಕೈ. ಎಸ್‌ಟಿಡಿ ಬೂತುಗಳು ಹೋದವು. ಅದೇ ಜಾಗದಲ್ಲಿ ನಮ್ಮವರು ಮೊಬೈಲ್ ರೀಚಾರ್ಜ್ ಮತ್ತು ಝೆರಾಕ್ಸ್ ಇಟ್ಟರು. ಹದಿಮೂರು ವರ್ಷ ಅವರ ಮೈಮೇಲೆ ಮತ್ತೊಂದು ಹುಣ್ಣು ಏಳಲಿಲ್ಲ. ಆ ಹದಿಮೂರು ವರ್ಷದಲ್ಲಿ ಮಾಸ್ತರ ಮುಂದೆ ನಾನು ಬಾಯಿ ಬಿಡುವುದನ್ನು ಪೂರ್ತಿ ನಿಲ್ಲಿಸಿದ್ದೆ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೆ. ನಾನೊಬ್ಬಳೇ ಅಲ್ಲ, ಆ ಶೆಡ್ಡಿಗೆ ಬಂದವರೆಲ್ಲ ಹಾಗೇ.

ಕೊನೆಯ ಗಾದಿ ಮಾಡುವ ದಿನ ನಾನು ಅವರಿಂದ ಎರಡು ಮಾರು ದೂರದಲ್ಲಿ ಕೂತಿದ್ದೆ. ನಮ್ಮವರು ಹಲಗೆಯ ಮೇಲೆ ಆ ಕಡೆ ಮುಖ ಮಾಡಿ ಮಲಗಿದ್ದರು. ಮಾಸ್ತರು ಉದ್ದ ಚಾಕುವಿನಿಂದ ಫೋಮು ಕೆತ್ತುತ್ತಿದ್ದರು. ಹಳದಿ ಫೋಮಿನ ಮೇಲೆ ಕೆಂಪು ಹನಿ ಬಿತ್ತು. ಇನ್ನೊಂದು ಬಿತ್ತು. ಎಡಗೈಯ ನಡುಬೆರಳಿನ ತುದಿ ಸೀಳಿತ್ತು. ಅವರು ಕೆತ್ತುತ್ತಲೇ ಇದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಹೇಳಲಿಲ್ಲ. ಹರಿಯಲಿ ಅಂದುಕೊಂಡೆ. ಹಾಗೆ ಅಂದುಕೊಂಡಾಗ ಎದೆಯಲ್ಲಿ ಒಂದು ಬಗೆಯ ತಂಪಾಯಿತು, ಅದನ್ನೂ ಬರೆಯಬೇಕು. ಸ್ವಲ್ಪ ಹೊತ್ತಿನ ಮೇಲೆ ಅವರಿಗೇ ಕಂಡಿತು. ಬೇಗ ಬೆರಳನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡು, ಫೋಮನ್ನು ಮಗುಚಿ, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದರು. ನಾನು ಬಾಗಿಲ ಕಡೆ ನೋಡುತ್ತಿದ್ದೆ.

ಕಾಲು ಗಂಟೆ ಇಡುತ್ತಿದ್ದ ಕೈಯನ್ನು ಆ ದಿನ ಅವರು ತುಸು ಹೊತ್ತಷ್ಟೇ ಇಟ್ಟು, ಆಯಿತು ಎಂದು ತೆಗೆದರು. ಎರಡನೆಯ ಸಲ ಕೆತ್ತಲೇ ಇಲ್ಲ. ಬೇಗ ಮುಗಿಯಿತೆಂದು ನಮ್ಮವರು ಬಸ್ಸಿನಲ್ಲಿ ಖುಷಿಯಿಂದ ಇದ್ದರು. ಮಾಸ್ತರು ಮುದುಕರಾದರು, ಮೆತ್ತಗಾದರು ಎಂದು ನಕ್ಕರು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ಕೆಂಪು ಕಂಡಿತು. ಒತ್ತಿದೆ. ಬೆಳ್ಳಗಾಗಲಿಲ್ಲ. ಅವತ್ತೇ ಗಾದಿ ತೆಗೆದೆವು. ಅಷ್ಟರಲ್ಲಿ ಅದು ಒಳಗಿನಿಂದ ಎಲುಬು ಮುಟ್ಟಿತ್ತು. ಕೊಪ್ಪಳದ ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ. ನಂಜು ರಕ್ತಕ್ಕೆ ಸೇರಿತು ಎಂದರು. ಇಪ್ಪತ್ತಾರನೆಯ ದಿನ ನಮ್ಮವರು ಹೋದರು.

ಮಣ್ಣಾಗಿ ಹದಿನೆಂಟನೆಯ ದಿನ ಮಾಸ್ತರು ಬಂದರು. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು, ಗಾದಿ ತಾ ಎಂದರು. ತಂದು ಮುಂದಿಟ್ಟೆ.

‘ಮ್ಯಾಲ ಏನರ ಹಾಸಿದ್ರೇನು?’

ಹೌದು ಅನ್ನಲಿ ಎಂದು ಅವರು ಕಾಯುತ್ತಿದ್ದುದು ನನಗೆ ತಿಳಿಯಿತು.

‘ಇಲ್ರಿ. ನೀವು ಕೊಟ್ಟಂಗ ಇತ್ತು.’

ಮೇಲಿನ ಬಟ್ಟೆ ಬಿಚ್ಚಿ ಗಾದಿಯನ್ನು ತಿರುಗಿಸಿದರು. ತಳದಲ್ಲಿ ಕಂದು ಬಣ್ಣದ ಎರಡು ಕಲೆಗಳಿದ್ದವು. ಬಹಳ ಹೊತ್ತು ನೋಡಿದರು.

‘ಇದನ್ನ ನೋಡಿದ್ದೇನು ನೀ, ಅವತ್ತು?’

‘ನೋಡಿದ್ನಿರಿ.’

‘ಹೇಳಬೇಕಿತ್ತು.’

‘ಯಾರಿಗ್ರಿ? ನಿಮಗ?’

ನನಗೆ ಇನ್ನೂ ಮಾತುಗಳಿದ್ದವು, ಆದರೆ ಅವರು ಎಡಗೈಯನ್ನು ನೆಲದ ಮೇಲೆ ಚಾಚಿ ಇಟ್ಟರು. ಬೆರಳ ತುದಿಗಳಲ್ಲಿ ಹಳೆಯವು, ಹೊಸವು, ಸುಟ್ಟವು, ಕೊಯ್ದವು, ಎಷ್ಟೋ ಗಾಯಗಳಿದ್ದವು.

‘ಸಕ್ಕರಿ ಐತಿ. ಎರಡು ವರ್ಷಾತು, ಬೆರಳಿಗೆ ಏನೂ ಗೊತ್ತಾಗವಲ್ದು. ಅಂದಾಜಿನ ಮ್ಯಾಲ ಮಾಡಾಕತ್ತಿದ್ದೆ.’ ಗಾದಿಯನ್ನು ಪಕ್ಕಕ್ಕೆ ಸರಿಸಿದರು. ‘ನಿನ್ನ ಗಂಡಂದು ಮಾಡಿದ ತಿಂಗಳದಾಗ ಇರಕಲ್ಲಗಡದಾಗ ಒಂದು ಹುಡುಗಿಗೂ ಮಾಡಿಕೊಟ್ಟೀನಿ. ನೀ ಬಂದು ಕೈ ಹಾಕಿ ನೋಡು.’

ಗಂಡ ಸತ್ತು ತಿಂಗಳಾಗದ ಹೆಂಗಸು ಇನ್ನೊಬ್ಬರ ಮನೆಯ ಹೊಸ್ತಿಲು ತುಳಿಯುವುದು ನಮ್ಮಲ್ಲಿ ಇಲ್ಲ. ಅದನ್ನೇ ಹೇಳಿ ಕಳಿಸಿಬಿಡುವವಳಿದ್ದೆ. ಒಳಗಿನಿಂದ ಅತ್ತೆ, ‘ಹೋಗು’ ಎಂದರು. ಅಷ್ಟೇ ಎಂದರು.

ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದೆವು. ಹುಡುಗಿಗೆ ಹನ್ನೊಂದು ಹನ್ನೆರಡು ವರ್ಷ. ಹುಟ್ಟಿದಾಗಿನಿಂದ ಕೈಕಾಲು ಸೆಟೆದವು, ಮಾತಿಲ್ಲ, ಕತ್ತು ನಿಲ್ಲುವುದಿಲ್ಲ. ಗಾದಿ ಬಂದ ಮೇಲೆ ನೆಟ್ಟಗೆ ಕೂರುತ್ತಿದ್ದಳಂತೆ. ದಿನಾ ಶಾಲೆಗೆ ಒಯ್ಯುತ್ತೇವೆ, ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ ಎಂದು ಅವಳ ತಾಯಿ ಬಾಗಿಲಲ್ಲೇ ಹೇಳಿದಳು. ಹೇಳುವಾಗ ಅವಳ ಮುಖ ಅರಳಿತ್ತು. ಮಾಸ್ತರು ನನ್ನ ಕಡೆ ನೋಡಿದರು. ನಾನು ಹುಡುಗಿಯ ಕೆಳಗೆ ಕೈ ತೂರಿಸಿದೆ. ಅಂಗೈ ಮೇಲೆ ಮಾಡಿ, ಅವರು ಇಡುತ್ತಿದ್ದ ಹಾಗೆ. ಎಲುಬು ಬೆರಳಿನ ಮೇಲೆ ಬಂದು ಕೂತಿತು, ರಾಗಿ ಬೀಸುವ ಕಲ್ಲಿನ ಹಾಗೆ. ಬೆರಳು ಆಡಿಸಲು ಆಗಲಿಲ್ಲ. ಕಣ್ಣು ಮುಚ್ಚದೆಯೂ ತಿಳಿಯುವಷ್ಟಿತ್ತು.

‘ಸಿಕ್ಕೊಂಡೈತ್ರಿ’ ಎಂದೆ.

ಹುಡುಗಿಯನ್ನು ಎತ್ತಿ ಚಾಪೆಯ ಮೇಲೆ ಬೋರಲು ಮಲಗಿಸಿದೆವು. ಎಂಟಾಣೆಯಷ್ಟು ಅಗಲ ಕೆಂಪಿತ್ತು. ಚರ್ಮ ಒಡೆದಿರಲಿಲ್ಲ. ತಾಯಿ, ಇದು ಬೆವರುಸಾಲೆ, ಪೌಡರ್ ಹಾಕಿದ್ದೇನೆ ಎನ್ನುತ್ತಿದ್ದಳು. ಮಾಸ್ತರು ಚೀಲದಿಂದ ಚಾಕು ತೆಗೆದು, ಗಾದಿಯನ್ನು ಈ ತುದಿಯಿಂದ ಆ ತುದಿಗೆ ಸೀಳಿದರು. ಅಡ್ಡಲಾಗಿ ಇನ್ನೊಂದು ಸಲ ಸೀಳಿದರು. ಹೊಸದು ಮಾಡಿ ತರುವವರೆಗೆ ಕೂರಿಸಬೇಡ ಎಂದರು.

ಆ ತಾಯಿಗೆ ಒಂದು ಗಳಿಗೆ ಏನಾಯಿತೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಅವಳು ಬಾಯಿ ತೆಗೆದಳು.

‘ಮನಿಷಾರೇನ್ರಿ ನೀವು? ಮೊನ್ನೆ ಸಾಲಿಗೆ ಹೋಗಾಕ ಹತ್ಯಾಳ್ರೀ ಕೂಸು. ಕೊಟ್ಟು ಕಸಗೊಳ್ಳಾಕ ನಾವು ನಿಮಗೇನು ಮಾಡಿದ್ವಿ? ನಿಮ್ಮ ಕೈ ಸೇದಿಹೋಗ್ಲಿ.’

ಬೆರಳಿನ ವಿಷಯವನ್ನು ಅವರು ಒಂದು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಚಾಕು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತರು. ನಾನೂ ಹೇಳಬಹುದಿತ್ತು. ಅವಳು ಆಡುತ್ತಿದ್ದದ್ದು ನಾನು ಹದಿಮೂರು ವರ್ಷ ನುಂಗಿದ ಮಾತುಗಳು. ಅವು ಹೊರಗೆ ಬರುವುದನ್ನು ಕೇಳಲು ನನಗೆ ಬೇಕಾಗಿತ್ತು. ಅಕ್ಕಪಕ್ಕದ ಮನೆಯವರು ಬಂದು ಬಾಗಿಲಲ್ಲಿ ನಿಂತರು. ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು.

ನಾನು ನಡುವೆ ಹೋಗಲಿಲ್ಲ. ಹುಡುಗಿಯ ಪಕ್ಕ ಕೂತು ಆ ಕೆಂಪನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆಳ್ಳಗಾಯಿತು. ಬಿಟ್ಟೆ. ನೋಡುತ್ತಿದ್ದ ಹಾಗೆ ರಕ್ತ ತಿರುಗಿ ಬಂತು.